ಕುಂಞಿಪಾತುಮ್ಮನ ಮುಚ್ಚಳಿಕೆ

ಕಾಪುವಿನ ಬೀಡಿ ಬ್ರಾಂಚಿನಲ್ಲಿ ಕುಂಞಿಪಾತುಮ್ಮ ಬದ್ರುದ್ದೀನನ ಎಡಗೈಗೆ ಕತ್ತರಿ ಚುಚ್ಚಿದ್ದು ೧೯೭೮ರ ಫೆಬ್ರವರಿಯಲ್ಲಿ, ಸರದಿಯಲ್ಲಿ ನಿಂತಿದ್ದ ಹದಿನಾಲ್ಕು ಹೆಂಗಸರ ಎದುರು. ಚುಚ್ಚಿದವಳು ಇಲ್ಲವೆನ್ನಲಿಲ್ಲ. ನೋಡಿದವರಲ್ಲೂ ಯಾರೂ ಇಲ್ಲವೆನ್ನಲಿಲ್ಲ.

ಬದ್ರುದ್ದೀನ್ ಆ ಬ್ರಾಂಚಿನ ಗುತ್ತಿಗೆದಾರ. ಎಲೆ, ಹೊಗೆಸೊಪ್ಪು ತೂಗಿ ಕೊಡುವವನು ಅವನೇ. ಹೆಂಗಸರು ಮನೆಯಲ್ಲಿ ಕಟ್ಟಿ ತಂದ ಬೀಡಿಯನ್ನು ನೋಡಿ ತೆಗೆದುಕೊಳ್ಳುವವನೂ ಅವನೇ. ಚೆನ್ನಾಗಿಲ್ಲವೆಂದು ಕಂಡದ್ದನ್ನು ಅಲ್ಲೇ ಮುರಿದು ಬುಟ್ಟಿಗೆ ಎಸೆಯುತ್ತಿದ್ದ. ಆ ದಿನ ಕುಂಞಿಪಾತುಮ್ಮನ ಸಾವಿರ ಬೀಡಿಯಲ್ಲಿ ಇನ್ನೂರನ್ನು ಮುರಿದ. ಎಲ್ಲವೂ ಸಡಿಲವಂತೆ. ಎಲ್ಲಿ ಸಡಿಲ ತೋರಿಸಿ ಎಂದು ಆಕೆ ಕೇಳಿದಳು. ಆತ ಸರದಿಯ ಕಡೆ ತಿರುಗಿ, "ಗಂಡನನ್ನೇ ಬಿಗಿಯಾಗಿ ಹಿಡಿದುಕೊಳ್ಳಲಿಕ್ಕೆ ಆಗದವಳು ಬೀಡಿ ಬಿಗಿ ಕಟ್ಟುತ್ತಾಳಾ?" ಎಂದು ನಕ್ಕ. ಆಕೆಯ ಗಂಡ ಮುಂಬಯಿಯ ಹೋಟೆಲಿಗೆ ಕೆಲಸಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಮಾಡಿಕೊಂಡು ಏಳು ವರ್ಷವಾಗಿತ್ತು. ಕಾಪುವಿನಲ್ಲಿ ಅದು ಗೊತ್ತಿಲ್ಲದವರು ಇರಲಿಲ್ಲ. ಮೇಜಿನ ಮೇಲೆ ನೂಲು ತುಂಡರಿಸುವ ಕತ್ತರಿ ಇತ್ತು.

ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಆದ ಗಾಯಕ್ಕೆ ಮಣಿಪಾಲದಲ್ಲಿ ನಾಲ್ಕು ಹೊಲಿಗೆ ಬಿತ್ತು. ಪೊಲೀಸರು ಆಯುಧದಿಂದ ಗಾಯ ಮಾಡಿದ ಕೇಸು ದಾಖಲಿಸಿದರು. ಮೂರು ವರ್ಷದವರೆಗೆ ಜೈಲು ಆಗಬಹುದಾದ ಅಪರಾಧ. ಉಡುಪಿಯ ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರು "ತಪ್ಪು ಮಾಡಿದ್ದೀರಾ?" ಎಂದು ಕೇಳಿದಾಗ ಆಕೆ, "ಕೈಗೆ ಚುಚ್ಚಿದ್ದು ಹೌದು" ಎಂದಳು. ಅಷ್ಟಕ್ಕೆ ವಿಚಾರಣೆ ಮುಗಿಯಿತು. ಶಿಕ್ಷೆ ಹೇಳುವ ಮೊದಲು ಅವರು ನನ್ನ ವರದಿ ಕೇಳಿದರು.

ನಾನು ಆಗ ಮಂಗಳೂರಿನಲ್ಲಿ ಪ್ರೊಬೇಷನ್ ಅಧಿಕಾರಿ. ಇಪ್ಪತ್ತಾರು ವರ್ಷ, ದಾವಣಗೆರೆಯಿಂದ ಬಂದು ಐದೇ ತಿಂಗಳು. ತಪ್ಪು ಮಾಡಿದವರ ಮನೆಗೆ ಹೋಗಿ, ಅವರು ಎಂಥವರು, ಹಿಂದೆ ಏನಾದರೂ ಕೇಸು ಇತ್ತೇ, ಬಿಟ್ಟರೆ ನೆಟ್ಟಗೆ ಇರುತ್ತಾರೆಯೇ ಎಂದು ವಿಚಾರಿಸಿ ಕೋರ್ಟಿಗೆ ತಿಳಿಸುವುದು ನನ್ನ ಕೆಲಸ. ಕಾಪು ಪೇಟೆಯಿಂದ ಕಡಲಿನ ಕಡೆಗೆ ಹೋಗುವ ದಾರಿಯಲ್ಲಿ ಹೆಂಚಿನ ಸಣ್ಣ ಮನೆ. ಜಗುಲಿಯಲ್ಲಿ ಆಕೆ, ಪಕ್ಕದಲ್ಲಿ ಹತ್ತು ವರ್ಷದ ಮಗಳು ಝೈನಬ್, ಒಳಗೆ ಆಕೆಯ ತಾಯಿ, ಅವರ ಮಾತಿನಲ್ಲಿ ಉಮ್ಮ. ನಾನು ಮಾತಾಡುತ್ತಿದ್ದಷ್ಟು ಹೊತ್ತೂ ಕುಂಞಿಪಾತುಮ್ಮನ ಬೆರಳುಗಳು ಎಲೆ ಸುತ್ತುವುದನ್ನು ನಿಲ್ಲಿಸಲಿಲ್ಲ.

"ಮಾಡಿದ್ದಕ್ಕೆ ಬೇಸರ ಇದೆಯಾ?" ಎಂದು ಕೇಳಿದೆ. ನಮ್ಮ ನಮೂನೆಯಲ್ಲಿ ಆ ಪ್ರಶ್ನೆ ಇತ್ತು.

"ಕತ್ತರಿ ತೆಗೆದದ್ದು ತಪ್ಪು. ಅದಕ್ಕೆ ಬೇಸರ ಉಂಟು," ಎಂದಳು. "ಎಲ್ಲಿ ಸಡಿಲ ಅಂತ ಕೇಳಿದ್ದಕ್ಕೆ ಬೇಸರ ಇಲ್ಲ. ಎರಡನ್ನೂ ಬರೆಯಿರಿ ಮೇಡಂ."

ಎರಡನ್ನೂ ಬರೆದೆ.

ಜುಲೈಯಲ್ಲಿ ತೀರ್ಪಾಯಿತು. ಮ್ಯಾಜಿಸ್ಟ್ರೇಟರು ಐವತ್ತು ದಾಟಿದವರು, ಮೆಲ್ಲಗೆ ಮಾತಾಡುವವರು. ಆಕೆಗೆ ಅರ್ಥವಾಗಲೆಂದು ಬಿಡಿಸಿ ಹೇಳಿದರು. "ನೋಡಮ್ಮ, ನೀವು ಅಪರಾಧಿ ಎಂದು ತೀರ್ಮಾನವಾಗಿದೆ. ಅದು ಬದಲಾಗುವುದಿಲ್ಲ. ಆದರೆ ಶಿಕ್ಷೆಯನ್ನು ನಾನು ಈಗ ಹೇಳುವುದಿಲ್ಲ. ಎರಡು ವರ್ಷ ಒಳ್ಳೆಯ ನಡತೆಯಿಂದ ಇರುತ್ತೇನೆ, ಕರೆದಾಗ ಬಂದು ಶಿಕ್ಷೆ ತೆಗೆದುಕೊಳ್ಳುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಡಬೇಕು. ನಿಮ್ಮ ಪರವಾಗಿ ಒಬ್ಬರು ಜಾಮೀನು ನಿಲ್ಲಬೇಕು. ಎರಡು ವರ್ಷ ಸರಿಯಾಗಿ ಕಳೆದರೆ ಶಿಕ್ಷೆ ಇಲ್ಲವೇ ಇಲ್ಲ. ತಪ್ಪಿದರೆ ಇದೇ ಕೇಸಿಗೆ ನಿಮ್ಮನ್ನು ಕರೆಸಿ ಜೈಲಿಗೆ ಕಳಿಸಬಹುದು."

ಜಾಮೀನು ನಿಂತವರು ಕಾಪುವಿನ ಹತ್ತಿರದ ಇನ್ನಂಜೆಯ ಅಪೊಲೋನಿಯಾ. ಅರುವತ್ತರ ವಿಧವೆ, ಗಟ್ಟಿ ಆಳು. ಊರವರು ಕರೆಯುವುದು ಬಾಯಮ್ಮ ಎಂದು. ಮನೆಯ ಹಿಂದೆ ಮಲ್ಲಿಗೆ ಬೆಳೆದು ದಿನವೂ ಬೆಳಗಿನ ಬಸ್ಸಿನಲ್ಲಿ ಉಡುಪಿಗೆ ಹೂ ಸಾಗಿಸುತ್ತಿದ್ದರು. ಬೇಸಗೆಯಲ್ಲಿ ಹೂ ಹೆಚ್ಚಾದಾಗ ಕಟ್ಟುವುದಕ್ಕೆ ಕುಂಞಿಪಾತುಮ್ಮನ ತಾಯಿ ಹೋಗುತ್ತಿದ್ದಳು, ಅದೇ ಪರಿಚಯ. ಜಾಗಕ್ಕೆ ಕಂದಾಯ ಕಟ್ಟಿದ ತೀರ್ವೆ ರಸೀದಿಯನ್ನು ಮೇಜಿನ ಮೇಲಿಟ್ಟು ನಿಂತ ಅವರನ್ನು ಮ್ಯಾಜಿಸ್ಟ್ರೇಟರು ಕೇಳಿದರು. "ಈಕೆ ತಪ್ಪಿದರೆ ನಿಮಗೂ ತೊಂದರೆ ಆಗುತ್ತದೆ, ಗೊತ್ತಿದೆಯಲ್ಲ?"

"ಹದಿನಾರು ವರ್ಷದಿಂದ ನೋಡಿದ್ದೇನೆ ಸ್ವಾಮಿ. ಬರುತ್ತೇನೆ ಅಂದ ಗಂಟೆಗೆ ಬರುವ ಜನ ಇವರು," ಎಂದರು ಅಪೊಲೋನಿಯಾ. ಅವರ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಇರಲಿಲ್ಲ.

ಕುಂಞಿಪಾತುಮ್ಮ ಮುಚ್ಚಳಿಕೆಗೆ ಹೆಬ್ಬೆಟ್ಟು ಒತ್ತಿದಳು. ಹೊರಗೆ ವರಾಂಡದಲ್ಲಿ ಶಾಯಿ ಒರೆಸಿಕೊಳ್ಳುತ್ತ ನನ್ನನ್ನು ಕೇಳಿದಳು. "ಹಾಗಾದರೆ ಶಿಕ್ಷೆ ಈಗ ಎಲ್ಲಿ ಉಂಟು ಮೇಡಂ?"

"ಹಾಗಂದರೆ?"

"ಕೊಟ್ಟೂ ಇಲ್ಲ, ಬಿಟ್ಟೂ ಇಲ್ಲ. ಎಲ್ಲೋ ಇರಬೇಕಲ್ವಾ?"

"ಕೋರ್ಟಿನಲ್ಲೇ ಇದೆ ಅಂದುಕೊಳ್ಳಿ. ಅದು ಹೊರಗೆ ಬರುವುದೋ ಬೇಡವೋ ನಿಮ್ಮ ಕೈಯಲ್ಲಿದೆ," ಎಂದೆ. ಆಕೆ ಬೆರಳನ್ನು ಇನ್ನೊಮ್ಮೆ ಒರೆಸಿಕೊಂಡು, "ಆಗಲಿ. ಎರಡು ವರ್ಷ ತಾನೇ," ಎಂದಳು.

ಮುಚ್ಚಳಿಕೆಯ ಸುದ್ದಿ ಬ್ರಾಂಚಿಗೆ ಆಕೆಗಿಂತ ಮೊದಲೇ ತಲುಪಿತ್ತು. ತನ್ನ ಕೈಗೆ ಚುಚ್ಚಿದವಳು ಮನೆಯಲ್ಲೇ ಇದ್ದಾಳೆ ಎನ್ನುವುದು ಬದ್ರುದ್ದೀನನಿಗೆ ಮೊದಲು ಅವಮಾನವಾಗಿ ಕಂಡಿತು. ಆಮೇಲೆ ಅದರಲ್ಲಿ ಒಂದು ಅನುಕೂಲವೂ ಕಂಡಿತು. ಬಾಯಿ ಬಿಡುವ ಹಾಗಿಲ್ಲದ ಕೆಲಸಗಾರ್ತಿ ಸುಲಭಕ್ಕೆ ಸಿಗುವುದಿಲ್ಲ. ಆಗಸ್ಟಿನಿಂದ ಆತ ಆಕೆಯ ಬೀಡಿಯನ್ನು ಎಲ್ಲರಿಗಿಂತ ಹೆಚ್ಚು ಮುರಿಯತೊಡಗಿದ. ಒಂದೊಂದು ಮುರಿದಾಗಲೂ ಮುಖ ನೋಡುತ್ತಿದ್ದ. "ಎಂತ ಪಾತುಮ್ಮ, ಮಾತಿಲ್ಲ? ಓ, ಮುಚ್ಚಳಿಕೆ ಉಂಟಲ್ಲ!"

ಆಕೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತಿದ್ದಳು. ಮುರಿದದ್ದಕ್ಕೆ ಬದಲಾಗಿ ಸಂಜೆ ಕೂತು ಮತ್ತೆ ಕಟ್ಟುತ್ತಿದ್ದಳು. ಆಕೆ ಸುಮ್ಮನಾದದ್ದನ್ನು ನೋಡಿ ಉಳಿದವರೂ ಸುಮ್ಮನಾದರು. ಆತ ಅವರದ್ದನ್ನೂ ಹೆಚ್ಚು ಮುರಿಯಲು ಹಿಡಿದ.

ತಿಂಗಳಿಗೊಮ್ಮೆ ನಾನು ಆಕೆಯ ಮನೆಗೆ ಹೋಗಬೇಕಿತ್ತು. ನವೆಂಬರಿನ ಭೇಟಿಯಲ್ಲಿ ಆಕೆ ನೇರವಾಗಿ ಕೇಳಿದಳು. "ಒಳ್ಳೆಯ ನಡತೆ ಅಂದರೆ ಎಂತ ಮೇಡಂ? ಬಾಯಿ ಮುಚ್ಚಿ ಕೂತುಕೊಳ್ಳುವುದಾ? ಆತ ಮುರಿಯುವುದು ಸರಿಯಲ್ಲ ಅಂತ ಒಂದು ಅರ್ಜಿ ಕೊಟ್ಟರೆ ನಾನು ಜೈಲಿಗಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಧೈರ್ಯವೂ ಇರಲಿಲ್ಲ. "ಇನ್ನು ಒಂದೂವರೆ ವರ್ಷ ಅಷ್ಟೇ. ಯಾರ ತಂಟೆಗೂ ಹೋಗದೆ ಕಳೆದುಬಿಡಿ," ಎಂದೆ. ಅಂದಿನಿಂದ ಇಂದಿನವರೆಗೆ ನನ್ನ ಕೆಲಸದಲ್ಲಿ ನಾನು ಕೊಟ್ಟ ಅತಿ ಸೋಮಾರಿ ಸಲಹೆ ಅದು.

ಆಕೆ ಅದನ್ನು ಒಪ್ಪಲಿಲ್ಲ. ಮರುವಾರ ಉಡುಪಿಯ ಬಸ್ಸು ಹತ್ತಿ ಕೋರ್ಟಿಗೇ ಹೋದಳು. ನಾನು ಬೇರೊಂದು ಕೇಸಿಗೆಂದು ಅಲ್ಲಿದ್ದೆ. ಬೆಳಗಿನ ಕೇಸುಗಳ ಕೂಗು ಮುಗಿಯುವವರೆಗೆ ಹಿಂದಿನ ಬೆಂಚಿನಲ್ಲಿ ಕೂತಿದ್ದು, ತಲೆಯ ಮೇಲಿನ ಬಿಳಿ ವಸ್ತ್ರ ಸರಿಮಾಡಿಕೊಂಡು ಎದ್ದು ನಿಂತಳು. ಗುಮಾಸ್ತರು ಕೈಸನ್ನೆ ಮಾಡಿ ಹೊರಗೆ ಕಳಿಸಲು ನೋಡಿದರು.

"ನನ್ನ ಮುಚ್ಚಳಿಕೆ ಈ ಕೋರ್ಟಿನಲ್ಲಿ ಉಂಟು. ಅದರಲ್ಲಿ ಎಂತ ಬರೆದಿದೆ ಅಂತ ಕೇಳಲಿಕ್ಕೆ ಬಂದದ್ದು," ಎಂದಳು ಗಟ್ಟಿಯಾಗಿ.

ಮ್ಯಾಜಿಸ್ಟ್ರೇಟರು ತಲೆಯೆತ್ತಿದರು. ಕಡತ ತರಿಸಿ ಓದಿಸಿದರು. ಯಾವ ಅಪರಾಧವನ್ನೂ ಮಾಡಬಾರದು. ಶಾಂತಿ ಕದಡಬಾರದು. ಹೇಳದೆ ವಾಸ ಬದಲಿಸಬಾರದು. ಪ್ರಾಮಾಣಿಕವಾಗಿ ದುಡಿದು ಬದುಕಬೇಕು. ಪ್ರೊಬೇಷನ್ ಅಧಿಕಾರಿಯನ್ನು ಕಾಣುತ್ತಿರಬೇಕು.

"ಅಷ್ಟೆಯಾ?"

"ಅಷ್ಟೇ."

"ದೂರು ಕೊಡಬಾರದು ಅಂತ ಇಲ್ಲವಾ?"

"ಇಲ್ಲ. ಮುಚ್ಚಳಿಕೆ ಬರೆದುಕೊಟ್ಟವರಿಗೂ ಕಾನೂನು ಇದೆ ಅಮ್ಮ," ಎಂದರು ಅವರು. "ನಕಲು ಬೇಕಾದರೆ ಅರ್ಜಿ ಹಾಕಿ ತೆಗೆದುಕೊಳ್ಳಿ."

ನನ್ನ ಕಡೆ ಆಕೆ ತಿರುಗಿಯೂ ನೋಡಲಿಲ್ಲ. ನೋಡದೆ ಇದ್ದದ್ದೇ ಒಳ್ಳೆಯದಾಯಿತು.

ಆಕೆಗೆ ಕನ್ನಡ ಓದಲು ಬರುತ್ತಿರಲಿಲ್ಲ. ನಕಲನ್ನು ಝೈನಬ್ ಜಗುಲಿಯಲ್ಲಿ ಕೂತು ಓದುವಳು, ತಾಯಿ ಬೀಡಿ ಸುತ್ತುತ್ತ ಕೇಳುವಳು. 'ಮೇಲ್ಕಂಡ ಷರತ್ತುಗಳಿಗೆ ಬದ್ಧಳಾಗಿ' ಎಂಬಂಥ ಮಾತುಗಳು ಕೂಡ ಹತ್ತು ದಿನದಲ್ಲಿ ಬಾಯಿಗೆ ಬಂದವು. ಡಿಸೆಂಬರಿನಲ್ಲಿ ನಾನು ಹೋದಾಗ ಇಡೀ ಮುಚ್ಚಳಿಕೆಯನ್ನು ತಪ್ಪಿಲ್ಲದೆ ಒಪ್ಪಿಸಿದಳು. ಆಮೇಲೆ, "ಕೂತುಕೊಳ್ಳಿ ಮೇಡಂ, ಈಗ ಅರ್ಜಿ ಬರೆಯಲಿಕ್ಕುಂಟು," ಎಂದಳು.

ಕೋರ್ಟಿಗೆ ವರದಿ ಕೊಡುವ ನಾನು ಅರ್ಜಿ ಬರೆಯುವ ಹಾಗಿರಲಿಲ್ಲ. ಆದರೆ ಈ ಸಲ ಮಂಗಳೂರಿಗೆ ಹೋಗಿ ವಿಚಾರಿಸಿದೆ. ಬೀಡಿ ಕೆಲಸಗಾರರಿಗೆಂದೇ ಕಾನೂನು ಇತ್ತು. ಸಾಮಾನ್ಯವಾಗಿ ನೂರಕ್ಕೆ ಐದಕ್ಕಿಂತ ಹೆಚ್ಚು ಬೀಡಿಯನ್ನು ತಿರಸ್ಕರಿಸುವಂತಿರಲಿಲ್ಲ. ಕಾರ್ಮಿಕ ಇನ್‌ಸ್ಪೆಕ್ಟರು ತಿಂಗಳಿಗೊಮ್ಮೆ ಕಾರ್ಕಳಕ್ಕೆ ಬಂದು ಕೂರುತ್ತಾರೆಂದೂ ತಿಳಿಯಿತು. ಅಷ್ಟನ್ನು ಆಕೆಗೆ ಹೇಳಿದೆ. ಆಕೆ ಕೇಳಿದ ಮೊದಲ ಪ್ರಶ್ನೆ, "ಕಾರ್ಕಳಕ್ಕೆ ಹೋಗಿಬರುವುದು ವಾಸ ಬದಲಿಸಿದ ಹಾಗೆ ಆಗುತ್ತದಾ?"

ಅರ್ಜಿಯನ್ನು ಪೇಟೆಯ ಬರಹಗಾರರೊಬ್ಬರಿಂದ ಬರೆಸಿದಳು. ಮನೆಮನೆಗೆ ಹೋಗಿ ಹೆಬ್ಬೆಟ್ಟು ಕೇಳಿದಳು. ಕೆಲವರು ಬಾಗಿಲಲ್ಲೇ ಮಾತು ಮುಗಿಸಿದರು. "ನಿನಗೆ ಕೋರ್ಟು ಅಭ್ಯಾಸ ಆಗಿದೆ, ನಮಗೆ ಬೇಡ ಮಾರಾಯ್ತಿ," ಎಂದವರೂ ಇದ್ದರು. ಅವರ ಮನೆಗೆ ಎರಡನೆಯ ಸಲ, ಮೂರನೆಯ ಸಲ ಹೋದಳು. ಸರದಿಯಲ್ಲಿದ್ದ ಹದಿನಾಲ್ಕರಲ್ಲಿ ಒಂಬತ್ತು ಮಂದಿ ಒತ್ತಿದರು. ಫೆಬ್ರವರಿಯ ಒಂದು ಬೆಳಿಗ್ಗೆ ಶಿರ್ವ, ಬೆಳ್ಮಣ್ಣು ದಾರಿಯ ಬಸ್ಸು ಹಿಡಿದು ಕಾರ್ಕಳಕ್ಕೆ ಹೋಗಿ ಇನ್‌ಸ್ಪೆಕ್ಟರ ಕೈಗೇ ಅರ್ಜಿ ಕೊಟ್ಟು, ಸ್ವೀಕರಿಸಿದ್ದಕ್ಕೆ ಸೀಲು ಹಾಕಿಸಿಕೊಂಡು ಬಂದಳು.

ಬದ್ರುದ್ದೀನನಿಗೆ ಅದು ಗೊತ್ತಾದ ಮರುದಿನವೇ ಆತ ಇನ್ನಂಜೆಗೆ ಹೋದ. ಅಪೊಲೋನಿಯಾ ಅಂಗಳದಲ್ಲಿ ಹೂವಿಗೆ ನೀರು ಚಿಮುಕಿಸುತ್ತಿದ್ದರಂತೆ.

"ಬಾಯಮ್ಮ, ನಿಮ್ಮ ಒಳ್ಳೆಯದಕ್ಕೆ ಹೇಳುತ್ತೇನೆ. ಆಕೆ ಇವತ್ತೋ ನಾಳೆಯೋ ಗಲಾಟೆ ಮಾಡುತ್ತಾಳೆ. ನಿಮ್ಮ ಹೆಸರು ಕೋರ್ಟಿಗೆ ಹೋಗುತ್ತದೆ. ಜಾಮೀನು ಹಿಂದೆ ತೆಗೆದುಕೊಳ್ಳಿ."

"ಆಕೆ ಗಲಾಟೆ ಮಾಡುವುದು ನಿಮಗೆ ಮೊದಲೇ ಹೇಗೆ ಗೊತ್ತು?" ಎಂದು ಕೇಳಿದರಂತೆ ಅಪೊಲೋನಿಯಾ. ಆತ ಹೋದ ಮೇಲೆ ಅವರಿಗೆ ಹೆದರಿಕೆಯಾಯಿತು. ಅದನ್ನು ಅವರೇ ನನಗೆ ಹೇಳಿದರು. ಎರಡು ದಿನ ಯೋಚಿಸಿ, ಜಾಮೀನು ಹಾಗೇ ಇರಲಿ ಎಂದು ತೀರ್ಮಾನಿಸಿದರು.

ಗಲಾಟೆ ನಡೆದದ್ದು ಮಾರ್ಚಿನಲ್ಲಿ. ಕುಂಞಿಪಾತುಮ್ಮ ತಡ್ಪೆ ಎನ್ನುವ ಮೊರದಲ್ಲಿ ಬೀಡಿ ಕಟ್ಟುಗಳನ್ನು ಜೋಡಿಸಿಕೊಂಡು ಸರದಿಯಲ್ಲಿದ್ದಳು. ಬದ್ರುದ್ದೀನ್ ಎದ್ದು ಬಂದು, "ಕಾರ್ಕಳದಲ್ಲೇ ಕೊಡು ನಿನ್ನ ಬೀಡಿ," ಎಂದು ತಡ್ಪೆಯನ್ನು ಕೈಯಿಂದ ತಟ್ಟಿದ. ಮೂರು ದಿನದ ಕೆಲಸ ಕೆಸರು ನೀರಿನ ಚರಂಡಿಗೆ ಬಿತ್ತು. ಹೆಂಗಸರೆಲ್ಲ ಆಕೆಯ ಕೈಯನ್ನೇ ನೋಡಿದರು. ಆಕೆ ಕೈಯನ್ನು ಬೆನ್ನ ಹಿಂದೆ ಕಟ್ಟಿದಳು. ಆದರೆ ಬಾಯಿ ತಡೆಯಲಿಲ್ಲ. "ಇನ್ನೊಂದು ಕೈ ಉಂಟಲ್ಲ ನಿಮಗೆ, ಅದನ್ನೂ ನೋಡಿಕೊಳ್ಳುತ್ತೇನೆ," ಎಂದುಬಿಟ್ಟಳು.

ಅದೇ ವಾರ ಬದ್ರುದ್ದೀನ್ ಕೋರ್ಟಿಗೆ ಅರ್ಜಿ ಹಾಕಿದ. ಆಕೆ ಕತ್ತರಿ ಎತ್ತಿಕೊಂಡು ಕೊಲ್ಲಲು ಬಂದಳು, ಮುಚ್ಚಳಿಕೆ ಮುರಿದಿದ್ದಾಳೆ, ಹಳೆಯ ಕೇಸಿಗೆ ಶಿಕ್ಷೆ ಕೊಡಬೇಕು. ಕುಂಞಿಪಾತುಮ್ಮನಿಗೂ ಅಪೊಲೋನಿಯಾರಿಗೂ ಸಮನ್ಸು ಬಂತು. ನನ್ನಿಂದ ವರದಿ ಕೇಳಿದರು.

ನಾನು ಕಾಪುವಿಗೆ ಓಡಿದೆ. ಆಕೆ ಆಡಿದ ಮಾತನ್ನು ಆಕೆಯೇ ಮೊದಲು ಹೇಳಿದಳು. ಅಲ್ಲಿದ್ದ ಅಪೊಲೋನಿಯಾ ಹಣೆ ಹಿಡಿದುಕೊಂಡರು. "ಆ ಬಾಯಿಯನ್ನೂ ಸ್ವಲ್ಪ ಕಟ್ಟಿ ಇಡಬಾರದಿತ್ತಾ ಪಾತುಮ್ಮ? ಈಗ ಎಂತ ಮಾಡುವುದು? ಆ ಮಾತು ಆಡಲೇ ಇಲ್ಲ ಅಂತ ಹೇಳು. ಸರದಿಯಲ್ಲಿದ್ದ ಯಾರೂ ಆತನ ಪರ ಸಾಕ್ಷಿ ಹೇಳುವುದಿಲ್ಲ."

"ನೀವೆಂತ ಹೇಳುತ್ತೀರಿ ಮೇಡಂ?" ಎಂದು ಕುಂಞಿಪಾತುಮ್ಮ ನನ್ನನ್ನು ಕೇಳಿದಳು.

"ನನ್ನ ವರದಿಯಲ್ಲಿ ನೀವು ಹೇಳಿದ್ದನ್ನೇ ಬರೆಯಬೇಕಾಗುತ್ತದೆ," ಎಂದೆ.

"ಬರೆಯಿರಿ. ನಾನೂ ಅದನ್ನೇ ಹೇಳುವುದು. ಆಡಿದ ಮಾತನ್ನು ಇಲ್ಲ ಅಂದರೆ, ಎತ್ತದ ಕತ್ತರಿಯನ್ನು ಇಲ್ಲ ಅಂದಾಗ ಯಾರು ನಂಬುತ್ತಾರೆ?"

"ಜೈಲು ಆದರೆ?" ಎಂದರು ಅಪೊಲೋನಿಯಾ.

ಆಕೆ ಝೈನಬಳ ಕಡೆ ನೋಡಿದಳು. "ಆದರೆ ಉಮ್ಮ ಇದ್ದಾರೆ. ಇವಳಿಗೂ ಬೀಡಿ ಕಟ್ಟಲಿಕ್ಕೆ ಬರುತ್ತದೆ. ಶಾಲೆ ಮಾತ್ರ ಬಿಡಿಸಬೇಡಿ ಬಾಯಮ್ಮ." ಎಲೆ ಸುತ್ತುತ್ತಿದ್ದ ಬೆರಳುಗಳು ನಿಂತಿದ್ದವು. ಅದನ್ನು ನಾನು ಮೊದಲ ಸಲ ಕಂಡೆ.

ಏಪ್ರಿಲಿನಲ್ಲಿ ವಿಚಾರಣೆ. ಬದ್ರುದ್ದೀನ್ ಕಟಕಟೆಯಲ್ಲಿ ನಿಂತು ಕತ್ತರಿಯ ಕಥೆ ಹೇಳಿದ. ಯಾವ ಕತ್ತರಿ, ಎಲ್ಲಿತ್ತು ಎಂದು ಮ್ಯಾಜಿಸ್ಟ್ರೇಟರು ಕೇಳಿದರು. ಮೇಜಿನ ಮೇಲಿನದ್ದು ಎಂದ. ಆಕೆ ಮೇಜಿನಿಂದ ಎಷ್ಟು ದೂರದಲ್ಲಿದ್ದಳು? ಸರದಿಯ ಕೊನೆಯಲ್ಲಿ, ಬಾಗಿಲಿನ ಹೊರಗೆ. ಹಾಗಾದರೆ ಕತ್ತರಿ ಕೈಗೆ ಹೇಗೆ ಬಂತು? ಆತ ಮತ್ತೆ, ಮೇಜಿನ ಮೇಲಿನದ್ದು ಎಂದಷ್ಟೇ ಹೇಳಿದ.

ಆಮೇಲೆ ಕುಂಞಿಪಾತುಮ್ಮನ ಸರದಿ. "ಕತ್ತರಿ ಎತ್ತಲಿಲ್ಲ," ಎಂದಳು. "ಕೈ ಹಿಂದೆ ಕಟ್ಟಿದ್ದೆ. ಆದರೆ ಇನ್ನೊಂದು ಕೈಯನ್ನೂ ನೋಡಿಕೊಳ್ಳುತ್ತೇನೆ ಅಂತ ಹೇಳಿದ್ದು ಹೌದು."

ಮ್ಯಾಜಿಸ್ಟ್ರೇಟರು ನನ್ನ ವರದಿಯ ಹಾಳೆ ತಿರುವಿದರು. "ಹಾಗೆ ಹೇಳುವುದು ಬೆದರಿಕೆ. ಶಾಂತಿಯಿಂದ ಇರುತ್ತೇನೆ ಎಂದು ಬರೆದುಕೊಟ್ಟವರು ಬೆದರಿಕೆ ಹಾಕಬಾರದು. ಗೊತ್ತಿತ್ತಾ?"

"ಗೊತ್ತಿತ್ತು. ಮುಚ್ಚಳಿಕೆಯ ಎರಡನೆಯ ಷರತ್ತು," ಎಂದು ಆಕೆ ಆ ವಾಕ್ಯವನ್ನು ಬರೆದಿದ್ದ ಹಾಗೆಯೇ ಹೇಳಿದಳು.

ಅವರು ಆದೇಶವನ್ನು ಅಲ್ಲೇ ಬರೆಸಿದರು. ಕತ್ತರಿಯ ಆರೋಪವನ್ನು ನಂಬಲು ಕಾರಣವಿಲ್ಲ. ಬೆದರಿಕೆಯ ಮಾತು ನಿಜ, ಅದು ಷರತ್ತಿನ ಉಲ್ಲಂಘನೆ. ಆದರೆ ಇದು ಮೊದಲ ಸಲ. ಮೊದಲ ಸಲ ತಪ್ಪಿದವರನ್ನು ಜೈಲಿಗೆ ಕಳಿಸಲೇಬೇಕೆಂದಿಲ್ಲ, ಸಣ್ಣ ದಂಡ ಹಾಕಿ ಮುಚ್ಚಳಿಕೆಯನ್ನು ಮುಂದುವರಿಸಲು ಕಾನೂನಿನಲ್ಲಿ ಅವಕಾಶವಿದೆ. ಹಾಗೆ ಮಾಡಿದರು. "ಇನ್ನೊಮ್ಮೆ ಬಂದರೆ ಈ ದಾರಿ ಇರುವುದಿಲ್ಲ," ಎಂದರು ಕೊನೆಗೆ. ಆಮೇಲೆ ಬದ್ರುದ್ದೀನನ ಕಡೆ ತಿರುಗಿ, "ಸುಳ್ಳು ಪ್ರಮಾಣ ಮಾಡುವುದೂ ಅಪರಾಧವೇ," ಎಂದರು.

ಹೊರಗೆ ಬಂದ ಅಪೊಲೋನಿಯಾ ಮೆಟ್ಟಿಲಲ್ಲೇ ಕೂತುಬಿಟ್ಟರು. ಕುಂಞಿಪಾತುಮ್ಮ ಪಕ್ಕದ ಅಂಗಡಿಯಿಂದ ಸೋಡಾ ತಂದುಕೊಟ್ಟು, "ಇನ್ನು ಹದಿನೈದು ತಿಂಗಳು ಉಂಟು ಬಾಯಮ್ಮ. ನಿಮ್ಮನ್ನು ಇನ್ನೊಮ್ಮೆ ಈ ಮೆಟ್ಟಿಲು ಹತ್ತಿಸುವುದಿಲ್ಲ," ಎಂದಳು.

ಹತ್ತಿಸಲಿಲ್ಲ. ಅದು ಸುಲಭವಾಗಿತ್ತು ಎಂದು ಯಾರೂ ತಿಳಿಯಬಾರದು. ಕೋರ್ಟಿನಿಂದ ಬಂದ ಮೇಲೆ ನಾಲ್ಕು ತಿಂಗಳು ಬದ್ರುದ್ದೀನ್ ಆಕೆಗೆ ಎಲೆಯನ್ನೇ ಕೊಡಲಿಲ್ಲ. ಆಕೆ ಇನ್ನಂಜೆಗೆ ಹೋಗಿ ಹೂ ಕಟ್ಟಿದಳು, ಮಳೆ ಹಿಡಿದ ಮೇಲೆ ಹೂವೂ ಕಡಿಮೆಯಾಯಿತು. ಆದರೂ ಪ್ರತಿ ತಿಂಗಳು ಕಾರ್ಕಳಕ್ಕೆ ಹೋಗಿ ಅರ್ಜಿ ಏನಾಯಿತೆಂದು ಕೇಳುವುದನ್ನು ಬಿಡಲಿಲ್ಲ. ಐದನೆಯ ಸಲ ಇನ್‌ಸ್ಪೆಕ್ಟರು, "ನೀವು ಬರುವುದು ನಿಲ್ಲಿಸಬೇಕಾದರೆ ನಾನೇ ಬರಬೇಕು ಅಂತ ಕಾಣುತ್ತದೆ," ಎಂದರಂತೆ.

ಅವರು ಬಂದರು, ೧೯೭೯ರ ಆಗಸ್ಟಿನಲ್ಲಿ, ಮುನ್ಸೂಚನೆ ಇಲ್ಲದೆ, ಬೀಡಿ ತೆಗೆದುಕೊಳ್ಳುವ ಹೊತ್ತಿಗೇ. ಮುರಿದ ಬೀಡಿಯ ಬುಟ್ಟಿಯನ್ನು ನೆಲಕ್ಕೆ ಸುರಿಸಿ ಎಣಿಸಿದರು. ಒಂಬತ್ತು ಹೆಂಗಸರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅರ್ಜಿಗೆ ಹೆಬ್ಬೆಟ್ಟು ಒತ್ತದೆ ಇದ್ದವರಲ್ಲಿ ಇಬ್ಬರೂ ಆ ದಿನ ಬಾಯಿ ಬಿಟ್ಟರು. ನೋಟೀಸಾಯಿತು. ಅಲ್ಲಿಂದ ಮುಂದೆ ಬದ್ರುದ್ದೀನ್ ತಿರಸ್ಕರಿಸಿದ ಬೀಡಿಯ ಸಂಖ್ಯೆಯನ್ನು ಅವರವರ ಕಾರ್ಡಿನಲ್ಲಿ ಬರೆಯಬೇಕಾಯಿತು. ಕುಂಞಿಪಾತುಮ್ಮನಿಗೆ ಮತ್ತೆ ಎಲೆ ಕೊಡಬೇಕಾಯಿತು. ಆತ ಒಳ್ಳೆಯವನಾದ ಎಂದಲ್ಲ. ತೂಕದಲ್ಲಿ ಹೊಗೆಸೊಪ್ಪು ಕಡಿಮೆ ಮಾಡುವ ಹೊಸ ದಾರಿ ಹುಡುಕಿದ, ಅದಕ್ಕೆ ಹೆಂಗಸರು ಹೊಸ ಅರ್ಜಿ ಬರೆಸಿದರು. ಆದರೆ ಮುರಿಯುವುದು ನಿಂತಿತು. ಹಂಗಿಸುವುದೂ ನಿಂತಿತು.

೧೯೮೦ರ ಜುಲೈಯಲ್ಲಿ ಎರಡು ವರ್ಷ ತುಂಬಿತು. ಅವಧಿ ಮುಗಿದಾಗ ಕೋರ್ಟು ಯಾರನ್ನೂ ಕರೆದು ಹೇಳುವುದಿಲ್ಲ. ಹೇಳದೆ ಉಳಿದ ಶಿಕ್ಷೆ ಹೇಳದೆಯೇ ಇಲ್ಲವಾಗುತ್ತದೆ. ನಾನು ಕೊನೆಯ ವರದಿಗಾಗಿ ಕಾಪುವಿಗೆ ಹೋದೆ. ನನಗೂ ಬಳ್ಳಾರಿಗೆ ವರ್ಗವಾಗಿತ್ತು. ಮನೆಯಲ್ಲಿ ಆಕೆ ಇರಲಿಲ್ಲ. ಏಳನೆಯ ಕ್ಲಾಸಿನ ಪುಸ್ತಕ ಹಿಡಿದು ಕೂತಿದ್ದ ಝೈನಬ್, "ಉಮ್ಮ ಬಸ್ ಸ್ಟ್ಯಾಂಡಿನಲ್ಲಿ," ಎಂದಳು.

ಬಸ್ ಸ್ಟ್ಯಾಂಡಿನಲ್ಲಿ ಕೊಡೆ ಹಿಡಿದು ನಿಂತಿದ್ದಳು. "ಮುಗಿಯಿತು," ಎಂದೆ. "ಇವತ್ತಿನಿಂದ ನಿಮ್ಮ ಮೇಲೆ ಏನೂ ಇಲ್ಲ. ಈ ಕೇಸಿನಿಂದ ಮುಂದೆ ಕೆಲಸಕ್ಕೂ ಯಾವುದಕ್ಕೂ ಅಡ್ಡಿ ಬರಬಾರದು ಅಂತ ಕಾನೂನೇ ಹೇಳುತ್ತದೆ."

"ಹೌದಾ," ಎಂದಳು. "ಮೊದಲು ಸಿಟ್ಟು ಬಂದರೆ ಅದು ನೇರ ಕೈಗೆ ಬರುತ್ತಿತ್ತು ಮೇಡಂ. ಈಗಲೂ ಬರುತ್ತದೆ. ಆದರೆ ಕಾರ್ಕಳಕ್ಕೆ ಹೋಗಿ ಬರುವಷ್ಟು ಹೊತ್ತು ಕಾಯುತ್ತದೆ," ಎಂದು ನಕ್ಕಳು.

"ಈಗ ಎಲ್ಲಿಗೆ?"

"ನಂದಿಕೂರಿಗೆ. ಅಲ್ಲಿಯ ಬ್ರಾಂಚಿನಲ್ಲಿಯೂ ಇದೇ ಕಥೆ ಅಂತೆ. ಅಲ್ಲಿಯ ಹೆಂಗಸರು ಒಮ್ಮೆ ಬಂದು ಹೇಳಿಕೊಡು ಅಂತ ಕರೆದಿದ್ದಾರೆ. ಎಷ್ಟು ಮಂದಿ ಹೆಬ್ಬೆಟ್ಟು ಒತ್ತುತ್ತಾರೋ ನೋಡಬೇಕು."

ನಂದಿಕೂರಿನ ದಾರಿಗೆ ಸಿಗುವ ಪಡುಬಿದ್ರಿಯ ಬಸ್ಸು ಬಂತು. ಆಕೆ ಕೊಡೆ ಮಡಚಿ ಹತ್ತಿದಳು. ಕಂಡಕ್ಟರ್ ಒಳಗೆ ಜಾಗವಿಲ್ಲ ಎನ್ನುತ್ತಿದ್ದ. ಆಕೆ ಅವನನ್ನು ಸರಿಸಿಕೊಂಡು ಒಳಗೆ ಹೋದಳು, ಬಸ್ಸು ಹೊರಟಿತು.